ಹಿನ್ನೀರಿನ ಅಂಕುಡೊಂಕಿಗೆ ಅಂಕ ಕೊಡುವುದು ಹೇಗೆ?

ಚೌಕದ ಗದ್ದೆಯೂ ಲಿಂಗನಮಕ್ಕಿಯ ಹಿನ್ನೀರೂ ನಕ್ಷೆಯ ಡೇಟಾಬೇಸಿನಲ್ಲಿ ಒಂದೇ ಜಾತಿ: ಪಾಲಿಗಾನ್, ಅಂದರೆ ಬಿಂದುಗಳನ್ನು ಗೆರೆಯಿಂದ ಜೋಡಿಸಿದ ಮುಚ್ಚಿದ ಆಕಾರ. ಕಣಿವೆ ಕಣಿವೆಗೂ ಕೈಚಾಚಿ, ನಡುವೆ ನಡುಗಡ್ಡೆಗಳನ್ನು ಉಳಿಸಿರುವ ಶರಾವತಿಯ ಆಕಾರ ಎಷ್ಟು ಜಟಿಲ? ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ನಕ್ಷೆಯ ಲೆಕ್ಕ ಕಲಿಸುವ ಪೋಸ್ಟ್‌ಜಿಐಎಸ್ ಇದ್ದರೆ ಲೆಕ್ಕ ಹಾಕಬಹುದು. ಕೆಳಗೆ ‘ಎಸ್‌ಟಿ_’ ಎಂದು ಶುರುವಾಗುವುದೆಲ್ಲ ಅದರ ಫಂಕ್ಷನ್‌ಗಳು.

ಮೊದಲು ಅಕ್ಷಾಂಶ-ರೇಖಾಂಶದ ಡಿಗ್ರಿ ಬಿಟ್ಟು ಮೀಟರಿಗೆ ಬನ್ನಿ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯ ಆ ಭಾಗಕ್ಕೆ ಹೊಂದುತ್ತದೆ; ಎಸ್‌ಟಿ_ಟ್ರಾನ್ಸ್‌ಫಾರ್ಮ್‌ಗೆ ಅದರ ಸಂಕೇತ 32643 ಎಂದು ಕೊಡಿ. ಹೋಲಿಸುವ ಜಲಾಶಯಗಳೆಲ್ಲ ಒಂದೇ ಸ್ಕೇಲಿನ, ಒಂದೇ ಋತುವಿನ ನಕ್ಷೆಯಿಂದ ಬಂದಿರಲಿ. ದಂಡೆಯನ್ನು ಸೂಕ್ಷ್ಮವಾಗಿ ಅಳೆದಷ್ಟೂ ಸುತ್ತಳತೆ ಹೆಚ್ಚುತ್ತದೆ. ಬೇಸಿಗೆಯ ಹಿನ್ನೀರಿಗೂ ಮಳೆಗಾಲದ್ದಕ್ಕೂ ಆಕಾರವೇ ಬೇರೆ.

ಎಸ್‌ಟಿ_ಎನ್‌ಪಾಯಿಂಟ್ಸ್‌ನಿಂದ ಬಿಂದು ಎಣಿಸಿ ಅಲ್ಲಿಗೇ ನಿಲ್ಲಿಸುವವರು ಬಹಳ. ಅದು ಸಾಲದು. ನೇರ ಬದುವಿನ ಮೇಲೆ ನೂರು ಬಿಂದು ಇಟ್ಟರೂ ಗದ್ದೆ ಗದ್ದೆಯೇ. ಮೊದಲ ಬಿಂದು ಕೊನೆಯಲ್ಲಿ ಮತ್ತೆ ಬರುವುದರಿಂದ ಚೌಕಕ್ಕೂ 5 ಎಂದೇ ಉತ್ತರ, ಒಂದನ್ನು ಕಳೆಯಿರಿ.

ನಿಜವಾದ ಕೆಲಸ ಎಸ್‌ಟಿ_ಕಾನ್ವೆಕ್ಸ್‌ಹಲ್‌ನಿಂದ ಶುರು. ಹೊರಚಾಚಿದ ತುದಿಗಳಿಗೆ ಗೂಟ ನೆಟ್ಟು ಸುತ್ತ ಹಗ್ಗ ಬಿಗಿದಂತೆ ಅದು. 100 ಮೀಟರ್ ಚೌಕದ ಹೊಲದ ಒಂದು ಬದಿಯಿಂದ 20 ಮೀಟರ್ ಅಗಲ, 80 ಮೀಟರ್ ಆಳದ ಕಾಲುವೆ ತೆಗೆದಿದೆ ಎನ್ನಿ. ಹಗ್ಗದೊಳಗಿನ 10,000 ಚದರ ಮೀಟರಿನಲ್ಲಿ 1,600 ಹೋಯಿತು: ಕೊರತೆ 0.16. ಸುತ್ತಳತೆ 560, ಹಗ್ಗದ್ದು 400. ಹೆಚ್ಚುವರಿ 160ನ್ನು 560ರಿಂದ ಭಾಗಿಸಿದರೆ ಏರಿಳಿತ 0.29.

ಇನ್ನು ಒಳಮೂಲೆಗಳು, ಅಂದರೆ ಒಳಕೋನ 180 ಡಿಗ್ರಿ ದಾಟಿದವು. ಇಲ್ಲಿ 2. ಇದಕ್ಕೆ ಸಿದ್ಧ ಫಂಕ್ಷನ್ ಇಲ್ಲ. ಎಸ್‌ಟಿ_ಡಂಪ್‌ಪಾಯಿಂಟ್ಸ್‌ನಿಂದ ಬಿಂದು ಬಿಡಿಸಿ, ದಂಡೆಯನ್ನು ಎಡಸುತ್ತಾಗಿ ನಡೆಯುವಾಗ ಬಲಕ್ಕೆ ಹೊರಳುವ ಕಡೆ ಎಣಿಸಿ. ಆ 2ನ್ನು, 8 ಬಿಂದುಗಳಲ್ಲಿ 3 ಕಳೆದು ಉಳಿದ 5ರಿಂದ ಭಾಗಿಸಿದರೆ 0.4. ಅದರಿಂದ 0.5 ಕಳೆದದ್ದು x ಆದರೆ, 16x⁴ − 8x² + 1 ಎಂಬುದು ಆವರ್ತನ: 0.92.

ಈ ಮೂರನ್ನೂ ಸೇರಿಸಿ ಬ್ರಿಂಕ್‌ಹಾಫ್, ಕ್ರೀಗೆಲ್, ಷ್ನೈಡರ್, ಬ್ರೌನ್ ಎಂಬ ಸಂಶೋಧಕರು 1995ರಲ್ಲಿ ಕೊಟ್ಟ ಜಟಿಲತೆಯ ಸೂತ್ರದಲ್ಲಿ ಏರಿಳಿತ, ಆವರ್ತನಗಳ ಗುಣಲಬ್ಧಕ್ಕೆ 0.8 ತೂಕ, ಕೊರತೆಗೆ 0.2. ನಮ್ಮ ಹೊಲಕ್ಕೆ 0.24, ಬರೀ ಚೌಕಕ್ಕೆ 0. ಮೂರು ಅಂಕಗಳನ್ನೂ ಬೇರೆ ಬೇರೆ ಕಾಲಮಿನಲ್ಲಿ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಒಂದೇ ದೊಡ್ಡ ಕೊಲ್ಲಿಯೋ ಸಾವಿರ ಸಣ್ಣ ಸುಕ್ಕೋ ಎಂಬುದು ಒಟ್ಟು ಅಂಕದಲ್ಲಿ ಕಾಣುವುದಿಲ್ಲ.

ನಡುಗಡ್ಡೆಗಳ ವಿಷಯದಲ್ಲಿ ಎಚ್ಚರ. ಎಸ್‌ಟಿ_ಪೆರಿಮೀಟರ್ ಅವುಗಳ ದಂಡೆಯನ್ನೂ ಕೂಡಿಸುತ್ತದೆ, ಎಸ್‌ಟಿ_ಏರಿಯಾ ಅವುಗಳ ನೆಲವನ್ನು ಕಳೆಯುತ್ತದೆ. ಹೊರದಂಡೆಯನ್ನಷ್ಟೇ ಎಸ್‌ಟಿ_ಎಕ್ಸ್‌ಟೀರಿಯರ್‌ರಿಂಗ್‌ನಿಂದ ತೆಗೆದು ಅಳೆಯಿರಿ. ನಡುಗಡ್ಡೆಗಳನ್ನು ಎಸ್‌ಟಿ_ನಮ್‌ಇಂಟೀರಿಯರ್‌ರಿಂಗ್ಸ್‌ನಿಂದ ಪ್ರತ್ಯೇಕ ಎಣಿಸಿ.

ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ನಿಧಾನವಾಗಿದೆ ಎಂಬುದಷ್ಟೇ ನಿಮ್ಮ ತೊಂದರೆಯಾದರೆ ಇಷ್ಟೆಲ್ಲ ಬೇಡ. ಅಲ್ಲಿ ಬಿಂದುಗಳ ಸಂಖ್ಯೆಯೇ ಹೊರೆ. ಎಸ್‌ಟಿ_ಸಬ್‌ಡಿವೈಡ್ ಬಳಸಿ; ನೀವು ಮಿತಿ ಹೇಳದಿದ್ದರೆ ಅದು ತುಂಡಿಗೆ 256 ಬಿಂದು ಮೀರದಂತೆ ಕತ್ತರಿಸುತ್ತದೆ.