ಊರಲ್ಲಿ ರಸ್ತೆ ಸುರಕ್ಷತೆಯ ಪಾಠ: ಒಂದು ಹಗ್ಗ ಸಾಕು

ಭಾಷಣ ಬೇಡ, ಹಗ್ಗ ತನ್ನಿ. ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ಹುಡುಗರಿಗೆ ಕಣ್ಣಾರೆ ಕಂಡದ್ದೇ ನಾಟುವುದು. ಶಾಲೆ ಮೈದಾನದಲ್ಲಿ 17 ಮೀಟರ್ ಹಗ್ಗ ಹಾಸಿ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದೇ ಸೆಕೆಂಡಿನಲ್ಲಿ ಅಷ್ಟು ದೂರ ಹೋಗಿರುತ್ತದೆ, ಕೈ ಬ್ರೇಕ್ ಹಿಡಿಯುವ ಮೊದಲೇ. ಒಂದು ತುದಿಯಲ್ಲಿ ಹುಡುಗನನ್ನು, ಇನ್ನೊಂದು ತುದಿಯಲ್ಲಿ ಅವನ ತಂಗಿಯನ್ನು ನಿಲ್ಲಿಸಿ. ಗಲಾಟೆ ತಾನಾಗಿ ನಿಲ್ಲುತ್ತದೆ.

ಆಮೇಲೆ ಹೆಲ್ಮೆಟ್. ಪಟ್ಟಿ ಬಿಗಿದು ಹಿಂದಿನಿಂದ ಮೇಲೆತ್ತಿ ನೋಡಿ; ಕಳಚಿ ಬಂದರೆ ಅದು ತಲೆ ಕಾಯುವುದಿಲ್ಲ.

ದೊಡ್ಡವರನ್ನೂ ಕರೆಯಿರಿ, ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ. ಅಪ್ರಾಪ್ತ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಹೆತ್ತವರಿಗೇ ಬರಬಹುದು. ಗಾಯಾಳು ಕಂಡರೆ ಹೆದರದೆ 108ಕ್ಕೆ ಕರೆ ಮಾಡಲು ಹೇಳಿಕೊಡಿ. ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ.