ಕನ್ನಡದಲ್ಲೇ ಪಾಠ ಮಾಡಿ ಜಪಾನಿ ಭಾಷೆಯ ಎನ್‌4 ಪರೀಕ್ಷೆ ದಾಟಿಸಿದ ನನ್ನ ಅನುಭವ

ಜಪಾನಿಗೆ ಕೈಗೊ, ಅಂದರೆ ವೃದ್ಧರ ಆರೈಕೆ ಕೆಲಸಕ್ಕೆ ಹೋಗುವವರಿಗೆ ಕನ್ನಡದಲ್ಲೇ ಜಪಾನಿ ಭಾಷೆಯ ಪಾಠ ಅಂದಾಗ ಈ ಲೈನಿನವರು ನಕ್ಕಿದ್ದರು. ಈಗ ಅವರೇ ನೋಟ್ಸ್ ಕೇಳ್ತಾರೆ.

ಅಲ್ಲಿ 2008ರಿಂದ ಜನಸಂಖ್ಯೆ ಇಳಿಮುಖ. 2019ರಲ್ಲಿ ತೊಕುತೇ ಗಿನೋ, ಅಂದರೆ ನಿರ್ದಿಷ್ಟ ಕೌಶಲದ ಕೆಲಸಗಾರರ ವೀಸಾ ಬಂತು. 2024ರಲ್ಲಿ ಮುಂದಿನ ಐದು ವರ್ಷಕ್ಕೆ 8.2 ಲಕ್ಷ ಜನರ ಮಿತಿ ಇಟ್ಟರು, ಕೈಗೊಗೇ 1.35 ಲಕ್ಷ. ಲೆಕ್ಕ ದೊಡ್ಡದು, ಆದರೆ ಬಾಗಿಲು ಕಾಯೋದು ಭಾಷೆ: ಎನ್‌4, ಇಲ್ಲವೇ ಜೆಎಫ್‌ಟಿ ಅನ್ನೋ ಇನ್ನೊಂದು ಭಾಷಾ ಪರೀಕ್ಷೆಯಲ್ಲಿ 250ಕ್ಕೆ 200. ಅದರ ಮೇಲೆ ಕೈಗೊ ಪರೀಕ್ಷೆಗಳು ಎರಡು.

ಮೊದಲ ಬ್ಯಾಚ್ ಇಂಗ್ಲಿಷ್ ಪುಸ್ತಕದಲ್ಲೇ ನಡೆಸಿದೆ. ಹನ್ನೆರಡರಲ್ಲಿ ನಾಲ್ಕು ಪಾಸು. ಬಾಡಿಗೆ, ಸಂಬಳ ಸೇರಿ ಮೂರು ಲಕ್ಷದ ಹತ್ತಿರ ಹೋಯ್ತು. ಎಡವಿದ್ದು 'ತೆ' ರೂಪದಲ್ಲಿ, ಅಂದರೆ ಒಂದು ಕ್ರಿಯಾಪದವನ್ನು ಇನ್ನೊಂದಕ್ಕೆ ಜೋಡಿಸೋ ರೂಪದಲ್ಲಿ. ಕನ್ನಡದಲ್ಲಿ ಅದು ಮೊದಲೇ ಇದೆಯಲ್ಲ! 'ತಬೆತೆ ಮಿರು' ತಿಂದು ನೋಡು, 'ತಬೆತೆ ಶಿಮತ್ತ' ತಿಂದುಬಿಟ್ಟೆ, 'ಅಕೆತೆ ಒಕು' ತೆರೆದಿಡು. 'ತೊ' ಅಂದರೆ ನಮ್ಮ 'ಅಂತ'. ಹೀಗೆ ಕನ್ನಡದಲ್ಲೇ ಹೇಳಿಕೊಟ್ಟಾಗ ಎರಡು ವಾರ ಹಿಡಿಯುತ್ತಿದ್ದದ್ದು ನಾಲ್ಕೈದು ದಿನಕ್ಕೆ ಮುಗಿಯಿತು.

ಉಚ್ಚಾರಣೆಗೂ ಕನ್ನಡ ಲಿಪಿ ಹಾಕಿ ನೋಡಿದೆ. ಒಬಸನ್ ಚಿಕ್ಕಮ್ಮ, ಒಬಾಸನ್ ಅಜ್ಜಿ. ದೀರ್ಘ, ಒತ್ತಕ್ಷರ ಎರಡೂ ಇಂಗ್ಲಿಷ್ ಅಕ್ಷರಕ್ಕಿಂತ ಇಲ್ಲಿ ಸ್ಪಷ್ಟ. (ಕೆಲಸದಲ್ಲಿ ಒಬಸನ್, ಒಬಾಸನ್ ಎರಡೂ ಬೇಡ, ಮನೆತನದ ಹೆಸರಿಗೆ 'ಸನ್' ಸೇರಿಸಿಯೇ ಕರೆಯಬೇಕು.) ಆದರೆ ಎರಡನೇ ವಾರ ದಾಟಿದರೆ ಹಿರಗಾನ (ಜಪಾನಿ ಅಕ್ಷರಮಾಲೆ) ಓದೋದೇ ಬಿಡ್ತಾರೆ. ಹತ್ತನೇ ದಿನಕ್ಕೆ ಕನ್ನಡ ಲಿಪಿ ಬಂದ್.

ಕೈಗೊ ಪರೀಕ್ಷೆಯಲ್ಲಿ ನರ್ಸಿಂಗ್ ಓದಿದವರೇ ಹೆಚ್ಚು ಜಾರೋದು. ಎಡಗೈ ಸ್ವಾಧೀನವಿಲ್ಲದವರ ಅಂಗಿ ಬಿಚ್ಚುವಾಗ ಬಲಗೈ ಮೊದಲು, ತೊಡಿಸುವಾಗ ಎಡಗೈ ಮೊದಲು. ಇದು ಅವರಿಗೆ ಗೊತ್ತು. ಆದರೆ ಅಜ್ಜ ನಿಧಾನವಾಗಿ ತಾವೇ ಗುಂಡಿ ಹಾಕಿಕೊಳ್ತಿದ್ದರೆ ಏನು ಮಾಡಬೇಕು ಅಂದಾಗ 'ನಾವು ಹಾಕಬೇಕು' ಅಂತ ಟಿಕ್ ಮಾಡ್ತಾರೆ. ಕಾಯಬೇಕು ಅನ್ನೋದೇ ಸರಿಯುತ್ತರ. ಕೈಲಾದದ್ದನ್ನು ಅವರಿಂದಲೇ ಮಾಡಿಸೋದು ಅಲ್ಲಿನ ಆರೈಕೆಯ ಮೂಲ. ತಪ್ಪಿದರೆ ಮತ್ತೆ ಬರೆಯಲು 45 ದಿನ ಕಾಯಬೇಕು, ಹಾಸ್ಟೆಲ್ ಖರ್ಚು ಓಡ್ತಾನೇ ಇರುತ್ತೆ. ಹಾಗಾಗಿ ಅಣಕು ಪರೀಕ್ಷೆಯಲ್ಲಿ ಮೂರು ಸಲ 80% ದಾಟದವರಿಗೆ ಸ್ಲಾಟ್ ಬುಕ್ ಮಾಡಲ್ಲ.

ತೊಕುತೇ ಗಿನೋ ವೀಸಾ ಸಾಮಾನ್ಯವಾಗಿ ಒಟ್ಟು ಐದು ವರ್ಷ, ಕುಟುಂಬ ಒಯ್ಯುವಂತಿಲ್ಲ. ಮೂರು ವರ್ಷ ದುಡಿದು ಕೈಗೊಫುಕುಶಿಶಿ (ಆರೈಕೆಗಾರರ ರಾಷ್ಟ್ರೀಯ ಪರೀಕ್ಷೆ) ಪಾಸಾದರೆ ಕೈಗೊ ಅನ್ನೋ ಬೇರೆ ವೀಸಾ, ಆಗ ಹೆಂಡತಿ ಮಕ್ಕಳೂ ಹೋಗಬಹುದು. ಅದಕ್ಕೇ ನಾಲ್ಕನೇ ತಿಂಗಳಿಂದಲೇ ಜೊಕುಸೋ (ಹಾಸಿಗೆ ಹುಣ್ಣು), ಗೊಎನ್ (ಅನ್ನ ಶ್ವಾಸನಾಳಕ್ಕೆ ಜಾರೋದು) ಇಂಥ ಪದಗಳ ಕಾಂಜಿ (ಚೀನಾ ಮೂಲದ ಚಿತ್ರಾಕ್ಷರ) ಶುರು. ಅವನ್ನು ನೆನಪಿಡಿಸೋ ಉಪಾಯ ಮಾತ್ರ ನನ್ನ ಕ್ಲಾಸಿನಲ್ಲೇ ಇರಲಿ.