ಜೇನುಮೇಣದ ಬತ್ತಿಗೆ ಮನೆಯಲ್ಲೇ ಅಚ್ಚು

ಅಂಗಡಿ ಅಚ್ಚಿನಲ್ಲಿ ಎರೆದರೆ ಎಲ್ಲರ ಮನೆಯ ಮೇಣದಬತ್ತಿಯೂ ಒಂದೇ ಥರ ಕಾಣುತ್ತದೆ. ನಿಮಗಿಷ್ಟದ ಆಕಾರ ಬೇಕೆಂದರೆ ಅಚ್ಚನ್ನೂ ನೀವೇ ಮಾಡಿಕೊಳ್ಳಬೇಕು. ಅದಕ್ಕೆ ಅಚ್ಚಿನ ಸಿಲಿಕೋನ್ ರಬ್ಬರ್ ತನ್ನಿ. ಎರಡು ಡಬ್ಬಗಳಲ್ಲಿ ಬರುತ್ತದೆ, ಬೆರೆಸಿದರೆ ಗಟ್ಟಿಯಾಗುತ್ತದೆ.

ಮಾದರಿಗೆ ಚನ್ನಪಟ್ಟಣದ ಮರದ ಗೊಂಬೆ ಚೆನ್ನ. ಅರಗು ಹಚ್ಚಿರುವುದರಿಂದ ಮೈ ನುಣುಪು, ಅಚ್ಚಿನಿಂದ ಸಲೀಸಾಗಿ ಬರುತ್ತದೆ. ತಳ ಸಪಾಟಾಗಿರುವುದನ್ನೇ ಆರಿಸಿ. ತಳಕ್ಕೆ ಸ್ವಲ್ಪ ಗೋಂದು ಹಚ್ಚಿ ಹಳೇ ಟೈಲ್ಸ್ ಮೇಲೆ ನಿಲ್ಲಿಸಿ. ಎರಡೂ ಕಡೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಸುತ್ತ ಇಟ್ಟು, ಬುಡದ ಸಂದಿಯನ್ನು ಗ್ಲೂ ಗನ್‌ನಿಂದ ಮುಚ್ಚಿ. ಗೊಂಬೆಯ ಸುತ್ತಲೂ ತಲೆಯ ಮೇಲೂ 1 ಸೆಂ.ಮೀ. ಜಾಗ ಬೇಕು. ಸಂದಿಗೆ ಮಕ್ಕಳ ಕ್ಲೇ ಮೆತ್ತಬೇಡಿ. ಅದರಲ್ಲಿ ಗಂಧಕವಿದ್ದರೆ ಕೆಲವು ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗೇ ಉಳಿಯುತ್ತದೆ.

ಸಿಲಿಕೋನ್ ಎಷ್ಟು ಬೇಕು? ಆ ಜಾಗಕ್ಕೆ ಅಕ್ಕಿ ತುಂಬಿ, ಮತ್ತೆ ಸುರಿದು ಅಳೆದರೆ ಗೊತ್ತಾಗುತ್ತದೆ. ದುಬಾರಿ ಸಾಮಾನು, ಸುಮ್ನೆ ಜಾಸ್ತಿ ಕಲಸಬೇಡಿ.

ಪ್ಯಾಕೆಟ್ ಹೇಳಿದ ಪ್ರಮಾಣವನ್ನು ತಕ್ಕಡಿಯಲ್ಲೇ ತೂಗಿ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ನಿಧಾನವಾಗಿ ಕಲಸಿ, ಸ್ವಲ್ಪ ಎತ್ತರದಿಂದ ಒಂದೇ ಮೂಲೆಗೆ ಎಳೆಯಾಗಿ ಬಿಡಿ. ಎಳೆ ಸಣ್ಣದಾದಷ್ಟೂ ಗುಳ್ಳೆ ಒಡೆಯುತ್ತವೆ. ಸಾಮಾನ್ಯವಾಗಿ ಒಂದು ರಾತ್ರಿ ಬಿಟ್ಟರೆ ಗಟ್ಟಿಯಾಗುತ್ತದೆ.

ಈಗ ಎಚ್ಚರದ ಕೆಲಸ. ಬಾಟಲಿ ಕತ್ತರಿಸಿ ತೆಗೆದು, ಅಚ್ಚಿನ ಒಂದೇ ಬದಿಯನ್ನು ತಳದಿಂದ ಮೇಲಕ್ಕೆ ಬ್ಲೇಡಿನಲ್ಲಿ ಸೀಳಿ. ನೇರ ಗೆರೆ ಬೇಡ, ಅಂಕುಡೊಂಕಾಗಿರಲಿ. ಆಗ ಮತ್ತೆ ಜೋಡಿಸುವಾಗ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಜರುಗುವುದಿಲ್ಲ. ತಲೆಯ ತನಕ ಸೀಳಬೇಡಿ. ಗೊಂಬೆ ಬಂದರೆ ಸಾಕು, ಅದನ್ನು ಮಕ್ಕಳಿಗೆ ವಾಪಸ್ ಕೊಡಿ.

ತಲೆಯ ನಡುವೆ ದಬ್ಬಳ ಚುಚ್ಚಿ ಹೆಣೆದ ಹತ್ತಿ ಬತ್ತಿ ಎಳೆಯಿರಿ. ಜೇನುಮೇಣ ಉರಿಯುವುದು ನಿಧಾನ, ಹಾಗಾಗಿ ಪ್ಯಾರಾಫಿನ್‌ಗೆ ಹಾಕುವುದಕ್ಕಿಂತ ದಪ್ಪ ಬತ್ತಿ ಬೇಕು. ಅಚ್ಚಿಗೆ ರಬ್ಬರ್ ಬ್ಯಾಂಡ್ ಬಿಗಿದು ತಲೆಕೆಳಗಾಗಿ ನಿಲ್ಲಿಸಿ, ಬತ್ತಿಯನ್ನು ಬಾಯಿಯ ಮೇಲಿಟ್ಟ ಕಡ್ಡಿಗೆ ಕಟ್ಟಿ.

ಮೇಣದ ಪಾತ್ರೆಯನ್ನು ನೇರವಾಗಿ ಉರಿಗೆ ಇಡಬೇಡಿ, ಬೆಂಕಿ ಹತ್ತಬಹುದು. ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕರಗಿಸಿ. 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 70-75ರಲ್ಲಿ ಎರೆಯಿರಿ. ಆರುತ್ತಾ ನಡುವೆ ಗುಂಡಿ ಬೀಳುತ್ತದೆ, ಮತ್ತಷ್ಟು ಮೇಣ ಹಾಕಿ ತುಂಬಿ. ಅವಸರಕ್ಕೆ ಫ್ರಿಜ್‌ನಲ್ಲಿಟ್ಟರೆ ಬಿರುಕು ಗ್ಯಾರಂಟಿ.

ಕೆಲವು ವಾರಗಳಾದ ಮೇಲೆ ಮೇಲೆಲ್ಲ ಬೂದಿಯಂಥ ಬಿಳಿ ಪುಡಿ ಕಾಣಬಹುದು. ಬೂಸ್ಟಲ್ಲ, ಜೇನುಮೇಣದ ಗುಣವೇ ಅದು. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.